ಕೀಬೋರ್ಡ್ ಶ್ರುತಿ, ವಾಯ್ಸ್, ಡಿಸ್‌ಪ್ಲೇ: ರಿಪೇರಿ ಮೇಷ್ಟ್ರನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ ಆರರಿಂದ ರಿಪೇರಿ ಮೇಷ್ಟ್ರು ಗುಂಪಿನಲ್ಲಿ ಇರುತ್ತಾರೆ. ಹಗಲು ದಾವಣಗೆರೆಯಲ್ಲಿ ಕೀಬೋರ್ಡ್ ಬಿಚ್ಚುತ್ತಾರೆ, ರಾತ್ರಿ ಆರ್ಕೆಸ್ಟ್ರಾದಲ್ಲಿ ಅದನ್ನೇ ನುಡಿಸುತ್ತಾರೆ. ಸೆಟ್ಟಿಂಗ್ ಬಗ್ಗೆ ಮಾತ್ರ ಕೇಳಿ, ಮಾಡೆಲ್ ನಂಬರ್ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ನಿಟುವಳ್ಳಿ ಅಕ್ಕ: ನಮಸ್ಕಾರ ಮೇಷ್ಟ್ರೇ. ಮಗಳು ಸಾ ಒತ್ತಿದರೆ ರಿ ಕೇಳಿಸುತ್ತದೆ ಅಂತ ಕ್ಲಾಸಿನಲ್ಲಿ ಟೀಚರ್ ಬೈದರಂತೆ. ಬೆಳಿಗ್ಗೆ ಸರಿ ಇರುತ್ತದೆ, ಯಾವುದೋ ಮೆಮೊರಿ ಬಟನ್ ಒತ್ತಿದ ಮೇಲೆ ಹೀಗಾಗುತ್ತದೆ.

ರಿಪೇರಿ ಮೇಷ್ಟ್ರು: ನಮಸ್ಕಾರ ಅಕ್ಕ. ಕೀಬೋರ್ಡಿಗೆ ಏನೂ ಆಗಿಲ್ಲ. ಟ್ರಾನ್ಸ್‌ಪೋಸ್, ಅಂದರೆ ಎಲ್ಲಾ ಸ್ವರಗಳನ್ನೂ ಒಟ್ಟಿಗೆ ಏರಿಸಿ ಇಳಿಸುವ ಸೆಟ್ಟಿಂಗ್, ಎರಡು ಮನೆ ಮೇಲೆ ಹೋಗಿದೆ. ಒಂದು ಅಂಕಿ ಅಂದರೆ ಅರ್ಧ ಸ್ವರ, ಎರಡು ಅಂದರೆ ಸಾ ಇದ್ದ ಜಾಗಕ್ಕೆ ರಿ ಬಂತು. ಬೆಳಿಗ್ಗೆ ಸರಿ ಇರುವುದು ಯಾಕೆ ಅಂದರೆ ಮನೆಯಲ್ಲಿ ಬಳಸುವ ಹೆಚ್ಚಿನ ಮಾಡೆಲ್‌ಗಳಲ್ಲಿ ಆಫ್ ಮಾಡಿದರೆ ಟ್ರಾನ್ಸ್‌ಪೋಸ್ ಸೊನ್ನೆಗೆ ಬರುತ್ತದೆ. ಆದರೆ ಆ ಮೆಮೊರಿ ಬಟನ್ ವಾಯ್ಸ್ (ವಾದ್ಯದ ದನಿ) ಜೊತೆ ಟ್ರಾನ್ಸ್‌ಪೋಸನ್ನೂ ಸೇರಿಸಿ ಇಟ್ಟುಕೊಂಡಿರುತ್ತದೆ. ಸೊನ್ನೆ ಮಾಡಿ, ಅದೇ ಬಟನ್ನಿಗೆ ಮತ್ತೆ ಸೇವ್ ಮಾಡಿ. ಟೀಚರಿಗೂ ಹೇಳಿ, ಮಗುವನ್ನು ಬೈಯುವ ಮುಂಚೆ ಡಿಸ್‌ಪ್ಲೇ ನೋಡಲಿ.

ಹರಿಹರದ ಪೇಟಿ: ಮೇಷ್ಟ್ರೇ, ನಮ್ಮ ಭಜನೆಯಲ್ಲಿ ಪೇಟಿ (ಹಾರ್ಮೋನಿಯಂ) ಇದೆ, ಈಗ ಹುಡುಗರು ಕೀಬೋರ್ಡ್ ತಂದಿದ್ದಾರೆ. ಎರಡೂ ಕೂಡುತ್ತಿಲ್ಲ. ಟ್ರಾನ್ಸ್‌ಪೋಸ್ ಒಂದು ಏರಿಸಿದರೆ ಜಾಸ್ತಿ ಆಗುತ್ತದೆ, ಇಳಿಸಿದರೆ ಕಡಿಮೆ.

ರಿಪೇರಿ ಮೇಷ್ಟ್ರು: ಟ್ರಾನ್ಸ್‌ಪೋಸ್ ಅಂದರೆ ಮೆಟ್ಟಿಲು, ನಿಮಗೆ ಬೇಕಾಗಿರುವುದು ಒಂದು ಮೆಟ್ಟಿಲಿಗಿಂತ ಸಣ್ಣದು. ಅದಕ್ಕೆ ಫಂಕ್ಷನ್ ಮೆನುವಿನಲ್ಲಿ ಟ್ಯೂನಿಂಗ್ ಅಂತ ಬೇರೆ ಇದೆ, 440.0 ಅಂತ ತೋರಿಸುತ್ತದೆ, ಅದು ಎ ಸ್ವರದ ಹರ್ಟ್ಜ್ ಲೆಕ್ಕ. ಯಮಹಾದ ಪಿಎಸ್‌ಆರ್-ಇ ಸರಣಿಯಲ್ಲಿ 427ರಿಂದ 453ರವರೆಗೆ ಹೋಗುತ್ತದೆ, ಕ್ಯಾಸಿಯೋ ಸಿಟಿ-ಎಕ್ಸ್ ಸರಣಿಯಲ್ಲಿ 415.5ರಿಂದ 465.9. ಪೇಟಿಯ ರೀಡನ್ನು ಮುಟ್ಟಬೇಡಿ, ಕೀಬೋರ್ಡನ್ನೇ ಅದರ ಹತ್ತಿರ ತನ್ನಿ.

ಹೀಗೆ ಮಾಡಿ. ಪೇಟಿಯಲ್ಲಿ ಒಂದೇ ಸಾಲಿನ ರೀಡ್ ಬಿಡಿ, ಎರಡು ಸಾಲು ಬಿಟ್ಟರೆ ಅವುಗಳೊಳಗೇ ಜಗಳ ಇರುತ್ತದೆ. ಕೀಬೋರ್ಡಿನಲ್ಲಿ ಪಿಯಾನೋ ಬೇಡ, ಬೇಗ ಆರಿಹೋಗುತ್ತದೆ, ಸಾದಾ ಕ್ಲಾರಿನೆಟ್ ಹಾಕಿ. ಎರಡರಲ್ಲೂ ಬಿಳಿ ಆರು, ಅಂದರೆ ಎ ಸ್ವರ, ಒತ್ತಿ ಹಿಡಿಯಿರಿ, ಪೇಟಿಯ ತಿದಿ ಒಂದೇ ಸಮ ಹಾಕಿ. ವಾಂವ್ ವಾಂವ್ ಅಂತ ಅಲೆ ಕೇಳಿಸುತ್ತದೆ. ಸೆಕೆಂಡಿಗೆ ಮೂರು ಅಲೆ ಬಂದರೆ ಮೂರು ಹರ್ಟ್ಜ್ ವ್ಯತ್ಯಾಸ ಅಂತ ಅರ್ಥ. ಟ್ಯೂನಿಂಗ್ ಏರಿಸುತ್ತಾ ಹೋಗಿ, ಅಲೆ ನಿಧಾನ ಆದರೆ ದಾರಿ ಸರಿ, ಜೋರಾದರೆ ಹಿಂದಕ್ಕೆ ಬನ್ನಿ. ಅಲೆ ನಿಂತ ಕಡೆ ಕೈ ತೆಗೆಯಿರಿ. ಆ ಅಂಕಿಯನ್ನು ಪೇಟಿಯ ಮುಚ್ಚಳದ ಒಳಗೆ ಚಾಕ್‌ಪೀಸಿನಲ್ಲಿ ಬರೆದಿಡಿ.

ಹರಿಹರದ ಪೇಟಿ: ಈಗಲೇ ಕೂತು ಮಾಡಿದೆ ಗುರುಗಳೇ. 443.4ಕ್ಕೆ ನಿಂತಿತು!

ಹೊಸದುರ್ಗ 432: ಎಲ್ಲರೂ 440 ಅಂತಲೇ ಯಾಕೆ ಹಿಡಿದುಕೊಂಡಿದ್ದೀರಿ? 432ಕ್ಕೆ ಇಳಿಸಿ. ಅದು ಭೂಮಿಯ ಶ್ರುತಿ, ಬಿಪಿ ಇಳಿಯುತ್ತದೆ, ನಿದ್ದೆ ಬರುತ್ತದೆ. ನನಗೆ ಬಂದ ಮೆಸೇಜ್ ಹಾಕುತ್ತೇನೆ, ಎಲ್ಲರೂ ಓದಿ.

ರಿಪೇರಿ ಮೇಷ್ಟ್ರು: ಹಾಕಬೇಡಿ. ತಿಂಗಳಿಗೆ ನಾಲ್ಕು ಸಲ ಓದುತ್ತೇನೆ. ಹರ್ಟ್ಜ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅಂತ. ಸೆಕೆಂಡ್ ಮನುಷ್ಯ ಮಾಡಿಕೊಂಡ ಅಳತೆ, ಭೂಮಿಗೆ ಅದು ಗೊತ್ತಿಲ್ಲ. ಫ್ರಾನ್ಸಿನವರು 1859ರಲ್ಲಿ 435 ಅಂದರು, 1939ರಲ್ಲಿ ಲಂಡನ್ನಿನಲ್ಲಿ ಕೂತು 440 ಅಂತ ಒಪ್ಪಿಕೊಂಡರು. ಎಲ್ಲರೂ ಕೂಡಿ ನುಡಿಸಬೇಕಲ್ಲ, ಅದಕ್ಕೆ. ಬಿಪಿಗೆ ಮಾತ್ರೆ ತಗೊಳ್ಳಿ.

ಹೊಸದುರ್ಗ 432: ವರ್ದಿ ಅಂತ ಇಟಲಿಯ ದೊಡ್ಡ ಸಂಗೀತಗಾರನೇ 432 ಬೇಕು ಅಂದಿದ್ದ. ನಿಮಗಿಂತ ಅವನಿಗೆ ಗೊತ್ತಿರಲಿಲ್ಲವೇ?

ರಿಪೇರಿ ಮೇಷ್ಟ್ರು: 432 ಆದರೂ ಸರಿ ಅಂತ ಒಪ್ಪಿದ್ದು ನಿಜ, ಎಲ್ಲಾ ಕಡೆ ಒಂದೇ ಶ್ರುತಿ ಇರಲಿ ಅಂತ. ಬಿಪಿಗಲ್ಲ. ನಮ್ಮ ಸಂಗೀತದಲ್ಲಿ ಇಷ್ಟೇ ಅಂತ ಅಂಕಿಯೇ ಇಲ್ಲ, ಹಾಡುವವರ ಗಂಟಲು ಎಲ್ಲಿ ಕೂರುತ್ತದೋ ಅಲ್ಲಿ ಸಾ. ನಿಮ್ಮ ಮನೆಯಲ್ಲಿ ಒಬ್ಬರೇ ನುಡಿಸುವುದಾದರೆ 432 ಇಟ್ಟುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಹೋದ ವಾರ ಒಬ್ಬರು ಹಾಗೆ ಇಳಿಸಿದ ಕೀಬೋರ್ಡನ್ನು ಮದುವೆಗೆ ತಂದು, ಸುಮಾರು 32 ಸೆಂಟ್ ಕೆಳಗೆ ಕೂತು, ಕೊಳಲಿನವನನ್ನು ಬೈದರು. ಅರ್ಧ ಸ್ವರಕ್ಕೆ 100 ಸೆಂಟ್. ಲೆಕ್ಕ ಹಾಕಿ.

ಚಳ್ಳಕೆರೆ ಹುಡುಗ: ಅಣ್ಣಾ ನನ್ನ ಕೀಬೋರ್ಡ್ ಒಂದು ಸ್ವರ ಮೇಲೆ ಬರ್ತಿದೆ ಏನ್ ಮಾಡ್ಲಿ

ರಿಪೇರಿ ಮೇಷ್ಟ್ರು: ಟ್ರಾನ್ಸ್‌ಪೋಸ್ ಸೊನ್ನೆ. ಮೇಲೆ ಹೇಳಿದ್ದೇನೆ.

ಮಂಡಕ್ಕಿ ಭಟ್ಟಿ ಪಕ್ಕ: ಸಾರ್, ನನ್ನದು ವಿಚಿತ್ರ. ಟ್ಯೂನಿಂಗ್ 440.0 ತೋರಿಸುತ್ತದೆ, ಟ್ರಾನ್ಸ್‌ಪೋಸ್ ಸೊನ್ನೆ. ಆದರೂ ಸ್ವಲ್ಪ ತಗ್ಗಿ ಕೇಳಿಸುತ್ತದೆ. ಒಂದೊಂದು ದಿನ ಸರಿ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದೆ, ನಾನು ತುಂಬಿಕೊಂಡಿದ್ದ ರಿದಂ ಸ್ಟೈಲ್‌ಗಳೆಲ್ಲ ಹೋದವು, ರೋಗ ಹೋಗಲಿಲ್ಲ. ತಗೊಂಡ ಅಂಗಡಿಯವರು ಬೋರ್ಡ್ ಬದಲಿಸಬೇಕು ಅಂದರು.

ರಿಪೇರಿ ಮೇಷ್ಟ್ರು: ಬೋರ್ಡ್ ಬೇಡ, ಸ್ವಲ್ಪ ತಡೆಯಿರಿ. ಎಡಗಡೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರ ಇದೆಯಾ? ರಿದಂ ಜೊತೆ ಎಡಗೈಯಲ್ಲಿ ಕಾರ್ಡ್ ಹಿಡಿದಾಗ ಹಿಂದೆ ಬರುವ ಸಂಗೀತ ಸರಿ ಇರುತ್ತದೋ, ಅದೂ ತಗ್ಗುತ್ತದೋ?

ಮಂಡಕ್ಕಿ ಭಟ್ಟಿ ಪಕ್ಕ: ಚಕ್ರ ಇದೆ. ಹಿಂದಿನದು ಸರಿ ಇದೆ ಸಾರ್! ನಾನು ನುಡಿಸುವುದು ಮಾತ್ರ ತಗ್ಗು. ಇದನ್ನು ಇವತ್ತಿನವರೆಗೆ ಗಮನಿಸಿಯೇ ಇರಲಿಲ್ಲ.

ರಿಪೇರಿ ಮೇಷ್ಟ್ರು: ಹಾಗಾದರೆ ಕಳ್ಳ ಸಿಕ್ಕ. ಇದನ್ನು ಎಲ್ಲರೂ ಓದಿ, ಯಾಕಂದರೆ ಇದೊಂದಕ್ಕೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಪೇಟಿ, ಸಿತಾರ್ ಶ್ರುತಿ ಬಿಡುವ ಹಾಗೆ ಕೀಬೋರ್ಡ್ ಶ್ರುತಿ ಬಿಡುವುದಿಲ್ಲ. ಒಳಗೆ ಒಂದು ಹರಳು ಅಲುಗುತ್ತಿರುತ್ತದೆ, ಅದರ ಲೆಕ್ಕದ ಮೇಲೆ ಎಲ್ಲವೂ ನಡೆಯುತ್ತದೆ. ಅದು ಕೆಟ್ಟರೆ ಹಿಂದಿನ ಸಂಗೀತವೂ ಜೊತೆಯಲ್ಲೇ ಕೆಡಬೇಕು, ಇಲ್ಲವೇ ಕೀಬೋರ್ಡ್ ಆನ್ ಆಗುವುದೇ ಇಲ್ಲ. ಟ್ಯೂನಿಂಗ್ ಬದಲಾಗಿದ್ದರೂ ಹಿಂದಿನದು, ಮುಂದಿನದು ಎರಡೂ ಸೇರಿ ಇಳಿಯುತ್ತವೆ. ಬಲಗೈ ಒಂದೇ ತಗ್ಗುತ್ತದೆ ಅಂದರೆ ಅದು ಚಕ್ರ.

ಚಕ್ರದ ಕೆಳಗೆ ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಥರದ್ದೊಂದು ಇರುತ್ತದೆ. ಒಳಗೆ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಕಡ್ಡಿಯಂಥ ತಗಡು ಜಾರುತ್ತದೆ. ಬಿಟ್ಟ ಕೂಡಲೇ ಸ್ಪ್ರಿಂಗ್ ಚಕ್ರವನ್ನು ನಡುವಿಗೆ ತರುತ್ತದೆ. ಪಟ್ಟಿ ಸವೆದರೆ, ಧೂಳು ಕೂತರೆ, ಚಕ್ರ ನಡುವೆ ಇದ್ದರೂ ಯಂತ್ರ ಅದನ್ನು ಸ್ವಲ್ಪ ಕೆಳಗೆ ಅಂತ ಓದುತ್ತದೆ. ಡಿಸ್‌ಪ್ಲೇಯಲ್ಲಿ 440 ಬದಲಾಗುವುದಿಲ್ಲ, ಯಾಕಂದರೆ ಟ್ಯೂನಿಂಗನ್ನು ಯಾರೂ ಮುಟ್ಟಿಲ್ಲ. ರೀಸೆಟ್ ಮಾಡಿದರೂ ಹೋಗದೇ ಇರುವುದು ಅದಕ್ಕೇ. ಧೂಳನ್ನು ರೀಸೆಟ್ ಮಾಡಲು ಆಗುತ್ತದಾ? ನಿಮ್ಮ ಹೆಸರು ನೋಡಿದರೆ ಧೂಳು ಎಲ್ಲಿಂದ ಬಂತು ಅಂತ ಕೇಳುವುದೂ ಬೇಡ.

ಈಗ ಒಂದು ಸ್ವರ ಒತ್ತಿ ಹಿಡಿದು, ಚಕ್ರದ ತುದಿಯನ್ನು ಬೆರಳಿನಿಂದ ಸುಮ್ನೆ ತಟ್ಟಿ. ತಿರುಗಿಸಬೇಡಿ, ತಟ್ಟಿ. ಏನಾಗುತ್ತದೆ ಹೇಳಿ.

ಜಗಳೂರು: ಡಿಸ್‌ಪ್ಲೇಯಲ್ಲಿ 8 ಹಾಕಿದರೆ 6 ಥರ ಕಾಣುತ್ತದೆ, ಗೆರೆ ಹೋಗಿದೆ. ಹೇರ್ ಡ್ರೈಯರ್ ಹಿಡಿದರೆ ಬರುತ್ತದೆ ಅಂತ ಫಾರ್ವರ್ಡ್ ಬಂದಿತ್ತು. ಹಿಡಿದೆ. ಈಗ ಪೂರ್ತಿ ಕಪ್ಪಾಗಿದೆ.

ರಿಪೇರಿ ಮೇಷ್ಟ್ರು: ಮತ್ತೆ ಏನಾಗಬೇಕಿತ್ತು? ಬಿಸಿಗೆ ಎಲ್‌ಸಿಡಿ ಕಪ್ಪಾಗುತ್ತದೆ. ತಣ್ಣಗಾಗಲು ಬಿಡಿ, ಅದೃಷ್ಟ ಇದ್ದರೆ ತಿಳಿಯಾಗುತ್ತದೆ. ಗೆರೆ ಹೋಗಿರುವುದು ಡಿಸ್‌ಪ್ಲೇಯ ಅಂಚಿನ ಪಟ್ಟಿ ಸಡಿಲಾಗಿ, ಅದು ಸೆಟ್ಟಿಂಗಿನಿಂದ ಬರುವುದಿಲ್ಲ. ಎಲ್ಲಾ ಗೆರೆಗಳೂ ಇದ್ದು ಮಸುಕಾಗಿದ್ದರೆ ಮಾತ್ರ ಕಾಂಟ್ರಾಸ್ಟ್ ಹುಡುಕಿ. ಅದೂ ಎಲ್ಲಾ ಮಾಡೆಲ್‌ಗಳಲ್ಲಿ ಇರುವುದಿಲ್ಲ. ಡ್ರೈಯರ್ ಕೂದಲಿಗೆ.

ದುರ್ಗದ ಕೋಟೆ: ಸ್ಟೈಲ್ ಬದಲಿಸಿದ ಕೂಡಲೇ ವಾಯ್ಸ್ ತಾನಾಗಿ ಬದಲಾಗುತ್ತದೆ. ನಾನು ಕೊಳಲು ಹಾಕಿದರೆ ಅದು ಗಿಟಾರ್ ಮಾಡುತ್ತದೆ.

ರಿಪೇರಿ ಮೇಷ್ಟ್ರು: ಯಮಹಾನಾ? ವಾಯ್ಸ್ ನಂಬರ್ 000ರಲ್ಲಿ ಇದ್ದಿರಿ. ಅದು ಒನ್ ಟಚ್, ಸ್ಟೈಲಿಗೆ ತಕ್ಕ ವಾಯ್ಸನ್ನು ಅದೇ ಆರಿಸುತ್ತದೆ. ಬೇರೆ ನಂಬರ್ ಹಾಕಿ.

ಹೊನ್ನಾಳಿ: ಒಂದು ಕೀ ಒತ್ತಿದರೆ ಎರಡು ವಾಯ್ಸ್ ಬರುತ್ತದೆ.

ರಿಪೇರಿ ಮೇಷ್ಟ್ರು: ಡ್ಯುಯಲ್ ಆಫ್ ಮಾಡಿ. ಕ್ಯಾಸಿಯೋದಲ್ಲಿ ಲೇಯರ್.

ಹೊಳಲ್ಕೆರೆ: ಎಡಗಡೆ ಬೇರೆ ವಾಯ್ಸ್, ಬಲಗಡೆ ಬೇರೆ.

ರಿಪೇರಿ ಮೇಷ್ಟ್ರು: ಸ್ಪ್ಲಿಟ್.

ಚನ್ನಗಿರಿ: ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಎಷ್ಟಕ್ಕೆ ತಗೋಬಹುದು?

ಪಿ.ಜೆ. ಬಡಾವಣೆ: ಈ ಕೀಬೋರ್ಡುಗಳಿಂದಲೇ ಸಂಗೀತ ಹಾಳಾಯಿತು. ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಒಂದು ಪೇಟಿ, ಒಂದು ತಬಲಾ ಇದ್ದರೆ ಬೆಳಗಿನವರೆಗೆ ನಾಟಕ ನಡೆಯುತ್ತಿತ್ತು. ಈಗ ಬಟನ್ ಒತ್ತಿ ನಿಂತುಕೊಳ್ಳುತ್ತಾರೆ.

ಚಳ್ಳಕೆರೆ ಹುಡುಗ: ಪೇಟಿನೂ ಹೊರಗಿನಿಂದ ಬಂದಿದ್ದೇ ಅಲ್ವಾ ಅಂಕಲ್? ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ಹತ್ತಿರವೇ ಸೇರಿಸಿರಲಿಲ್ಲ.

ಪಿ.ಜೆ. ಬಡಾವಣೆ: ನನಗೆ ಇತಿಹಾಸ ಹೇಳಬೇಡ ತಮ್ಮಾ. ಮೊದಲು ನಿನ್ನ ಟ್ರಾನ್ಸ್‌ಪೋಸ್ ಸೊನ್ನೆ ಮಾಡು.

ಹರಿಹರದ ಪೇಟಿ: 😂

ಹೊಸದುರ್ಗ 432: ಪೇಟಿಯಲ್ಲೂ ಕೀಬೋರ್ಡಿನಲ್ಲೂ ಗಾಂಧಾರ ಶುದ್ಧ ಇಲ್ಲ. 432 ಮಾಡಿದರೆ ಶುದ್ಧ ಆಗುತ್ತದೆ.

ರಿಪೇರಿ ಮೇಷ್ಟ್ರು: ಮೊದಲ ವಾಕ್ಯ ಸರಿ, ಎರಡನೆಯದು ತಪ್ಪು. ಕೀಬೋರ್ಡಿನ ಗಾಂಧಾರ ಸಾದಿಂದ 400 ಸೆಂಟ್ ದೂರ, ತಂಬೂರಿಯಲ್ಲಿ ಕೇಳಿಸುವುದು 386. ಎಲ್ಲಾ ಸ್ವರಗಳನ್ನೂ ಸಮ ಇಳಿಸಿದರೆ ಆ 14 ಹಾಗೇ ಉಳಿಯುತ್ತದೆ. ಸ್ಕೇಲ್ ಟ್ಯೂನಿಂಗ್ ಇರುವ ಮಾಡೆಲ್‌ನಲ್ಲಿ ಗಾಂಧಾರ ಒಂದನ್ನೇ ಇಳಿಸಬಹುದು. ಇದು ನನ್ನ ಕೊನೆಯ 432 ಉತ್ತರ.

ಹೊಸದುರ್ಗ 432: ತಿಳಿದವರು ಸ್ವಲ್ಪ ಸೌಜನ್ಯದಿಂದ ಮಾತಾಡಬಹುದು.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಹಿರಿಯೂರು: ಅಪ್ಪನ ಹಳೇ ಕ್ಯಾಸಿಯೋ ಇದೆ. ಡಿಸ್‌ಪ್ಲೇ ಮಿಣುಕುತ್ತದೆ. ಅಡಾಪ್ಟರ್ ಕಳೆದಿತ್ತು, ಪಿನ್ ಕೂತರೆ ಯಾವುದಾದರೂ ನಡೆಯುತ್ತದೆ ಅಂತ ಒಂದು ವಿಡಿಯೋ ನೋಡಿ ಸೆಟ್‌ಟಾಪ್ ಬಾಕ್ಸಿಂದು ಹಾಕಿದ್ದೇನೆ. ಕಾಂಟ್ರಾಸ್ಟ್ ಎಲ್ಲಿದೆ?

ರಿಪೇರಿ ಮೇಷ್ಟ್ರು: ಮೊದಲು ಪ್ಲಗ್ ಕಿತ್ತುಬಿಡಿ. ಕಿತ್ತ ಮೇಲೆ ಮುಂದೆ ಓದಿ.

ಹಿರಿಯೂರು: ಕಿತ್ತೆ. ಸ್ವಲ್ಪ ವಾಸನೆ ಕೂಡ ಬಂದಿತ್ತು.

ರಿಪೇರಿ ಮೇಷ್ಟ್ರು: ಹಳೇ ಕ್ಯಾಸಿಯೋಗಳಲ್ಲಿ ಬಹಳಷ್ಟು 9 ವೋಲ್ಟ್, ಪಿನ್ನಿನ ನಡುವೆ ಮೈನಸ್. ಸೆಟ್‌ಟಾಪ್ ಬಾಕ್ಸಿನದು ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ಜಾಸ್ತಿ ವೋಲ್ಟೂ ಕೊಟ್ಟಿರಿ, ಉಲ್ಟಾನೂ ಕೊಟ್ಟಿರಿ. ಆದರೆ ಪೂರ್ತಿ ಉಲ್ಟಾ ಹೋಗಿದ್ದರೆ ಡಿಸ್‌ಪ್ಲೇ ಮಿಣುಕುವುದೂ ಇಲ್ಲ, ಹಾಗಾಗಿ ನಿಮ್ಮದು ಬೇರೆ ಮಾಡೆಲ್ ಇರಬಹುದು, ಅದೇ ನನ್ನ ಆಸೆ. ಹಿಂದೆ ಅಡಾಪ್ಟರ್ ತೂತಿನ ಪಕ್ಕ ಸಣ್ಣ ಚಿತ್ರ ಇರುತ್ತದೆ, ನಡುವೆ ಚುಕ್ಕಿ, ಸುತ್ತ ಅರ್ಧಚಂದ್ರ, ಪ್ಲಸ್ ಮೈನಸ್ ಗುರುತು. ಫೋಟೋ ಹಾಕಿ. ಸೆಲ್ ಹಾಕಿಯೂ ಆನ್ ಮಾಡಬೇಡಿ. ವಾಸನೆ ಬಂದದ್ದನ್ನು ಬಿಚ್ಚಿ ನೋಡದೆ ಕರೆಂಟ್ ಕೊಡಬಾರದು. ಅಪ್ಪನದು ಅಂತೀರಿ, ಬಸ್ಸಿಗೆ ಹಾಕಿ ಕಳಿಸಿ, ನೋಡುತ್ತೇನೆ.

ಆ ವಿಡಿಯೋ ಇನ್ನು ಯಾರಾದರೂ ಇಲ್ಲಿ ಹಾಕಿದರೆ ನಾನು ಗುಂಪು ಬಿಡುತ್ತೇನೆ.

ಕೆ.ಟಿ.ಜೆ. ನಗರ: ಅರ್ಧ ಗಂಟೆಗೆ ತಾನಾಗಿ ಆಫ್ ಆಗುತ್ತದೆ. ಕೀ ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟರೆ ಸರಿ ಆಗುತ್ತಾ?

ರಿಪೇರಿ ಮೇಷ್ಟ್ರು: ಎಣ್ಣೆಗೂ ಆಫ್ ಆಗುವುದಕ್ಕೂ ಏನ್ರೀ ಸಂಬಂಧ? ಆಟೋ ಪವರ್ ಆಫ್ ಅಂತ ಇದೆ, ಮೆನುವಿನಲ್ಲಿ ತೆಗೆಯಿರಿ. ಎಣ್ಣೆ ತಲೆಗೆ ಹಚ್ಚಿಕೊಳ್ಳಿ.

ಮಂಡಕ್ಕಿ ಭಟ್ಟಿ ಪಕ್ಕ: ಸಾರ್, ತಟ್ಟಿದೆ! ಸ್ವರ ಚಕ್ಕನೆ ಮೇಲೆ ಬಂದು ಕೂತಿತು. ಐದು ನಿಮಿಷಕ್ಕೆ ಮತ್ತೆ ಜಾರಿತು. ನಾಳೆ ರಾತ್ರಿ ಪ್ರೋಗ್ರಾಂ ಇದೆ.

ರಿಪೇರಿ ಮೇಷ್ಟ್ರು: ನಾಳೆಗೆ ಇಷ್ಟು ಮಾಡಿ. ಫಂಕ್ಷನ್‌ನಲ್ಲಿ ಪಿಚ್ ಬೆಂಡ್ ರೇಂಜ್ ಅಂತ ಇದೆ, ಎರಡು ತೋರಿಸುತ್ತಿರುತ್ತದೆ. ಎಷ್ಟು ಕೆಳಗೆ ಹೋಗುತ್ತದೋ ಅಷ್ಟು ಇಳಿಸಿ. ಸೊನ್ನೆಗೆ ಹೋದರೆ ಚಕ್ರ ಸತ್ತ ಹಾಗೆ, ಒಂದಕ್ಕೇ ನಿಂತರೆ ತಪ್ಪು ಅರ್ಧ ಆಗುತ್ತದೆ, ಪ್ರೋಗ್ರಾಂ ದಾಟುತ್ತದೆ. ಚಕ್ರದೊಳಗೆ ಏನನ್ನೂ ಸ್ಪ್ರೇ ಮಾಡಬೇಡಿ. ಮಂಗಳವಾರ ತನ್ನಿ, ಆ ಸಣ್ಣ ಕಂಟ್ರೋಲ್ ತೊಳೆದು ನೋಡೋಣ, ಆಗದಿದ್ದರೆ ಬದಲಿಸೋಣ. ಬೋರ್ಡಿನ ಮಾತು ಆಡಿದವರ ಹತ್ತಿರ ಹೋಗಬೇಡಿ.

ಮಂಡಕ್ಕಿ ಭಟ್ಟಿ ಪಕ್ಕ: ಸೊನ್ನೆಗೆ ಹೋಯಿತು ಸಾರ್. ಗಟ್ಟಿಯಾಗಿ ನಿಂತಿದೆ. ಬರುವಾಗ ಮಂಡಕ್ಕಿ, ಮಿರ್ಚಿ ತರುತ್ತೇನೆ.

ರಿಪೇರಿ ಮೇಷ್ಟ್ರು: ತನ್ನಿ. ಕೀಬೋರ್ಡ್ ಪಕ್ಕ ಇಟ್ಟುಕೊಂಡು ಬರಬೇಡಿ.

ಚನ್ನಗಿರಿ: ಸೆಕೆಂಡ್ ಹ್ಯಾಂಡ್ ರೇಟ್ ಯಾರೂ ಹೇಳಲಿಲ್ಲ.

ಹೊಸದುರ್ಗ 432: ಪಿಚ್ ಬೆಂಡ್ ಚಕ್ರದಿಂದಲೂ 432 ಮಾಡಬಹುದಲ್ಲವೇ?

ಅಡ್ಮಿನ್: ಮೇಷ್ಟ್ರಿಗೆ ಪ್ರೋಗ್ರಾಂ ಇದೆ, ಹೊರಟರು. ಹಿರಿಯೂರಿನವರು ಫೋಟೋ ಹಾಕಿ.

ಮಲೇಬೆನ್ನೂರು: ನಮಸ್ಕಾರ, ಈಗ ಸೇರಿದೆ. ಸಾ ಒತ್ತಿದರೆ ರಿ ಬರುತ್ತಿದೆ, ಯಾಕೆ?