ತಂಡದವರಿಗೆ ತಪ್ಪನ್ನು ಹೇಳುವುದು ಹೇಗೆ, ನನ್ನ ತಪ್ಪನ್ನು ಅವರಿಂದ ಕೇಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂಬತ್ತು ಜನರ ತಂಡವೊಂದರ ಹೊಣೆ ನನ್ನ ಮೇಲೆ ಬಂದು ಹದಿನಾಲ್ಕು ತಿಂಗಳಾಗಿವೆ. ಅದಕ್ಕೂ ಮೊದಲು ನಾಲ್ಕು ವರ್ಷ ಇದೇ ತಂಡದಲ್ಲಿ ಇವರೆಲ್ಲರ ಸಹೋದ್ಯೋಗಿಯಾಗಿದ್ದೆ. ಕೆಲಸ ಹಂಚುವುದು, ಗಡುವು ನೋಡಿಕೊಳ್ಳುವುದು ನನಗೆ ಕಷ್ಟವೆನಿಸಿಲ್ಲ. ಫೀಡ್‌ಬ್ಯಾಕ್ ಕೊಡುವ ಮತ್ತು ಪಡೆಯುವ ವಿಷಯದಲ್ಲಿ ಮಾತ್ರ ಎರಡು ಕಡೆಯೂ ಸೋತಿದ್ದೇನೆ ಎಂದು ಅನಿಸುತ್ತಿದೆ.

ತಂಡದ ಒಬ್ಬರು ಸಿದ್ಧಪಡಿಸುವ ವಾರದ ವರದಿಯಲ್ಲಿ ಮೂರು ಬಾರಿ ಅಂಕಿಗಳು ತಪ್ಪಾಗಿದ್ದವು. ಹಳೆಯ ಸ್ನೇಹದ ದಾಕ್ಷಿಣ್ಯದಿಂದ ಎರಡು ತಿಂಗಳು ಸುಮ್ಮನಿದ್ದು, ಆಮೇಲೆ ಒಂದು ದಿನ ಅವರನ್ನು ಪ್ರತ್ಯೇಕವಾಗಿ ಕರೆದು, "ನಿಮ್ಮ ಕೆಲಸ ಒಟ್ಟಾರೆ ಚೆನ್ನಾಗಿದೆ, ಆದರೆ ಇನ್ನೂ ಸ್ವಲ್ಪ ಜವಾಬ್ದಾರಿಯಿಂದ ಇರಬೇಕು, ಉಳಿದದ್ದೆಲ್ಲ ಸರಿಯಾಗಿದೆ" ಎಂದು ಹೇಳಿದೆ. ಅಂದಿನಿಂದ ಅವರು ಸಭೆಗಳಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾರೆ, ವರದಿಯ ತಪ್ಪುಗಳು ಮಾತ್ರ ನಿಂತಿಲ್ಲ.

ಎರಡನೆಯದು ನನ್ನ ಬಗ್ಗೆ. ಪ್ರತಿ ತಿಂಗಳ ಸಭೆಯ ಕೊನೆಯಲ್ಲಿ "ನಾನು ತಿದ್ದಿಕೊಳ್ಳಬೇಕಾದದ್ದು ಏನಾದರೂ ಇದೆಯೇ?" ಎಂದು ಕೇಳುತ್ತೇನೆ. ಯಾರೂ ಏನನ್ನೂ ಹೇಳುವುದಿಲ್ಲ. ಕಳೆದ ತಿಂಗಳು ಕೆಲಸ ಬಿಟ್ಟು ಹೊರಟವರೊಬ್ಬರು ತಮ್ಮ ಕೊನೆಯ ದಿನ, ಸಭೆಯಲ್ಲಿ ಆದ ತೀರ್ಮಾನವನ್ನು ನಾನು ಆಮೇಲೆ ಒಬ್ಬಳೇ ಬದಲಾಯಿಸುತ್ತೇನೆಂದೂ ಅದರಿಂದ ಎಲ್ಲರಿಗೂ ಬೇಸರವಾಗಿದೆಯೆಂದೂ ಹೇಳಿ ಹೋದರು. ಒಂದು ವರ್ಷ ಇದು ನನ್ನ ಕಿವಿಗೆ ಬೀಳಲೇ ಇಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1

ನೀವು ಆಡಿದ ಮಾತಿನಲ್ಲಿ "ಜವಾಬ್ದಾರಿ" ಎಂಬ ಒಂದೇ ಪದ ಎಲ್ಲವನ್ನೂ ಕೆಡಿಸಿದೆ ಎಂಬುದು ನನ್ನ ಅಭಿಪ್ರಾಯ. ವರದಿಯ ಮೂರನೇ ಪುಟದ ಮೊತ್ತ ಮೂಲ ಪಟ್ಟಿಯೊಂದಿಗೆ ಹೊಂದುತ್ತಿಲ್ಲ ಎಂದಿದ್ದರೆ ಅವರು ಪುಟ ತೆರೆದು ನೋಡುತ್ತಿದ್ದರು. ಜವಾಬ್ದಾರಿ ಸಾಲದು ಎಂದಾಗ ಅವರಿಗೆ ನೋಡಲು ಉಳಿದದ್ದು ತಮ್ಮ ಸ್ವಭಾವವೊಂದೇ, ಮತ್ತು ಅದನ್ನು ನಾಳೆ ಬೆಳಗಿನೊಳಗೆ ತಿದ್ದಿಕೊಳ್ಳುವುದು ಯಾರಿಂದಲೂ ಆಗುವುದಿಲ್ಲ.

ಇದು ನನ್ನೊಬ್ಬನ ಅನಿಸಿಕೆಯಲ್ಲ. 1996ರಲ್ಲಿ ಅವ್ರಹಾಮ್ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಸಂಶೋಧಕರು ಫೀಡ್‌ಬ್ಯಾಕ್ ಕುರಿತ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, 607 ಫಲಿತಾಂಶಗಳನ್ನು ಪರಿಶೀಲಿಸಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸಿದ್ದು ನಿಜ, ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಹದಗೆಟ್ಟಿತ್ತು. ಕೇಳುವವರ ಗಮನ ಮಾಡುವ ಕೆಲಸದಿಂದ ಸರಿದು "ನಾನು ಎಂಥವನು" ಎಂಬುದರ ಕಡೆಗೆ ಹೋದಷ್ಟೂ ಫೀಡ್‌ಬ್ಯಾಕ್‌ನ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ನಿಮ್ಮ ಸಹೋದ್ಯೋಗಿ ಸಭೆಯಲ್ಲಿ ಮೌನವಾದದ್ದಕ್ಕೂ ತಪ್ಪುಗಳು ಹಾಗೆಯೇ ಉಳಿದದ್ದಕ್ಕೂ ಇದೇ ಕಾರಣವಿರಬಹುದು.

ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆ ಕಲಿಸುವ ಸರಳ ಕ್ರಮವೊಂದಿದೆ: ಮೊದಲು ಸಂದರ್ಭ, ನಂತರ ಕಣ್ಣಿಗೆ ಕಂಡ ವರ್ತನೆ, ಕೊನೆಗೆ ಅದರ ಪರಿಣಾಮ. "ಸೋಮವಾರದ ವರದಿಯಲ್ಲಿ ಹಿಂದಿನ ವಾರದ ಅಂಕಿಗಳು ಸೇರಿದ್ದವು, ಅದನ್ನು ನಂಬಿ ನಾವು ತೆಗೆದುಕೊಂಡ ತೀರ್ಮಾನವನ್ನು ಬುಧವಾರ ಹಿಂದಕ್ಕೆ ಪಡೆಯಬೇಕಾಯಿತು" ಎಂದಷ್ಟೇ ಹೇಳಿ ನಿಲ್ಲಿಸಿ. ಆಮೇಲೆ "ಇದು ಹೇಗಾಯಿತೆಂದು ನಿಮಗೆ ಅನಿಸುತ್ತದೆ?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಈ ಕಾಯುವಿಕೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತಪ್ಪಿನ ಕಾರಣ ನಿಮಗೆ ಗೊತ್ತಿದೆ ಎಂದು ನೀವು ಊಹಿಸಿಕೊಂಡಿದ್ದೀರಿ, ಆದರೆ ಅದನ್ನು ಅವರಿಂದ ಕೇಳಿ ತಿಳಿದಂತೆ ನಿಮ್ಮ ಬರಹದಲ್ಲಿ ಎಲ್ಲಿಯೂ ಕಾಣಲಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮಾತಿನ ಕ್ರಮವನ್ನು ಸರಿಪಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭಾವನೆ ಬರಬಾರದು. ನನಗೆ ಹೆಚ್ಚು ಚಿಂತೆಯೆನಿಸಿದ್ದು ಆ ಎರಡು ತಿಂಗಳು. ಮೊದಲನೇ ತಪ್ಪಿನ ಮರುದಿನವೇ ಹೇಳಿದ್ದರೆ ಅದು ಐದು ನಿಮಿಷದ ಮಾತಾಗಿ ಮುಗಿಯುತ್ತಿತ್ತು. ಎರಡು ತಿಂಗಳು ಕಳೆದು ಹೇಳಿದಾಗ, ಇಷ್ಟು ದಿನ ಇವರು ನನ್ನನ್ನು ನೋಡಿ ನಗುತ್ತಿದ್ದರೂ ಒಳಗೊಳಗೆ ಲೆಕ್ಕ ಇಡುತ್ತಿದ್ದರೇ ಎಂಬ ಸಂದೇಹ ಎದುರಿನವರಲ್ಲಿ ಹುಟ್ಟುತ್ತದೆ, ಮತ್ತು ಆ ಸಂದೇಹ ಯಾವ ವರದಿಯ ತಪ್ಪಿಗಿಂತಲೂ ಹೆಚ್ಚು ಹಾನಿ ಮಾಡುತ್ತದೆ.

ಕೆಟ್ಟ ಸುದ್ದಿಯನ್ನು ಸಂಬಂಧಪಟ್ಟವರಿಗೇ ಹೇಳಲು ಮನುಷ್ಯರು ಹಿಂಜರಿಯುತ್ತಾರೆ ಎಂಬುದನ್ನು ಸಿಡ್ನಿ ರೋಸೆನ್ ಮತ್ತು ಅಬ್ರಹಾಮ್ ಟೆಸ್ಸರ್ 1970ರಲ್ಲೇ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಆದ್ದರಿಂದ ನಿಮ್ಮ ಹಿಂಜರಿಕೆ ಸಹಜವೇ. ಆದರೆ ಆ ಮೌನದಿಂದ ನೆಮ್ಮದಿ ಸಿಕ್ಕಿದ್ದು ನಿಮಗೆ, ಅವರಿಗಲ್ಲ. ಅಷ್ಟೂ ದಿನ ತಮ್ಮ ವರದಿ ಸರಿಯಾಗಿದೆ ಎಂದೇ ಅವರು ನಂಬಿದ್ದಿರಬೇಕು.

ಇನ್ನೊಂದು ಮಾತು. ಟೀಕೆಯ ಹಿಂದೆ ಮುಂದೆ ಹೊಗಳಿಕೆಯನ್ನು ಇಡುವ ಪದ್ಧತಿಯನ್ನು ಕೈಬಿಡಿ. ಅದು ಎರಡನ್ನೂ ಹಾಳುಮಾಡುತ್ತದೆ. ಟೀಕೆ ಮಸುಕಾಗುತ್ತದೆ, ಮತ್ತು ಮುಂದೆ ನೀವು ಯಾವಾಗ ಮೆಚ್ಚುಗೆ ಸೂಚಿಸಿದರೂ ಅದರ ಹಿಂದೆ "ಆದರೆ" ಬರುತ್ತದೆಂದು ಜನ ಕಾಯತೊಡಗುತ್ತಾರೆ. ಮೆಚ್ಚುವುದಿದ್ದರೆ ಬೇರೊಂದು ದಿನ, ಬೇರೊಂದು ಕಾರಣಕ್ಕೆ, ಇಂಥದ್ದೇ ಕೆಲಸವೆಂದು ಹೆಸರಿಸಿ ಮನಸಾರೆ ಮೆಚ್ಚಿ.

ಉತ್ತರ 3

ನಾನು ಯಾವ ತಂಡದ ಮುಖ್ಯಸ್ಥನೂ ಅಲ್ಲ, ಕೇಳಿಸಿಕೊಂಡವನಾಗಿ ಬರೆಯುತ್ತಿದ್ದೇನೆ. ಹಿಂದೊಮ್ಮೆ ನಾನು ಗ್ರಾಹಕರೊಬ್ಬರಿಗೆ ಬರೆದ ಪತ್ರದ ಧಾಟಿ ಒರಟಾಗಿತ್ತು. ನನ್ನ ಮೇಲಧಿಕಾರಿ ಆ ಪತ್ರವನ್ನು ನನ್ನ ಮುಂದಿಟ್ಟು, "ಇದನ್ನು ಸ್ವೀಕರಿಸುವವರು ನೀವೇ ಎಂದುಕೊಂಡು ಒಮ್ಮೆ ಓದಿ" ಎಂದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ಅವರು ಬೇರೆ ಏನನ್ನೂ ಹೇಳಲಿಲ್ಲ, ಇಬ್ಬರೂ ಕುಳಿತು ಹೊಸ ಪತ್ರ ಬರೆದೆವು. ಸರಿಪಡಿಸುವ ಕೆಲಸದಲ್ಲಿ ಅವರೂ ಕೈಜೋಡಿಸಿದ್ದು ನನಗೆ ಇಂದಿಗೂ ನೆನಪಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಅವರೊಂದಿಗೆ ಮತ್ತೆ ಕುಳಿತೆ. ಇಷ್ಟು ದಿನ ಹೇಳದೆ ಉಳಿದದ್ದು ನನ್ನ ತಪ್ಪೆಂದು ಮೊದಲು ಒಪ್ಪಿಕೊಂಡು, ಮೂರೂ ವರದಿಗಳನ್ನು ಮೇಜಿನ ಮೇಲಿಟ್ಟು, ಇದು ಹೇಗಾಯಿತೆಂದು ಕೇಳಿದೆ. ಸ್ವಲ್ಪ ಹೊತ್ತಿನ ನಂತರ ಅವರು ಹೇಳಿದ್ದನ್ನು ಕೇಳಿ ನನಗೆ ನಾಚಿಕೆಯಾಯಿತು. ಮೂಲ ಅಂಕಿಗಳು ಬೇರೊಂದು ವಿಭಾಗದಿಂದ ಸೋಮವಾರ ಮಧ್ಯಾಹ್ನ ಬರುತ್ತವೆ. ವರದಿಯ ಗಡುವನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ತಂದವಳು ನಾನೇ. ಅಂಕಿಗಳು ತಡವಾದ ವಾರಗಳಲ್ಲಿ ಅವರು ಹಿಂದಿನ ವಾರದ್ದನ್ನು ತಾತ್ಕಾಲಿಕವಾಗಿ ತುಂಬಿ, ಆಮೇಲೆ ಬದಲಾಯಿಸಲು ಮರೆತಿದ್ದರು. ಮರೆತದ್ದು ಅವರ ತಪ್ಪೆಂದು ಅವರೇ ಹೇಳಿದರು. ಗಡುವನ್ನು ಮತ್ತೆ ಸಂಜೆಗೆ ಬದಲಾಯಿಸಿದ್ದೇನೆ. ನನ್ನ ಎರಡನೇ ಪ್ರಶ್ನೆ ಹಾಗೆಯೇ ಉಳಿದಿದೆ.

ಉತ್ತರ 4

ಎರಡನೇ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ಮೊದಲನೆಯದೂ ಇದರಲ್ಲೇ ಅಡಗಿದೆ. ಗಡುವಿನ ತೊಂದರೆಯನ್ನು ಅವರು ಅಷ್ಟು ವಾರ ನಿಮಗೆ ಏಕೆ ಹೇಳಲಿಲ್ಲ ಎಂದು ಯೋಚಿಸಿ ನೋಡಿ. ಹೇಳಲು ಸುರಕ್ಷಿತವಾದ ದಾರಿ ಅವರಿಗೆ ಕಾಣಲಿಲ್ಲ.

ಎಂಟು ಜನರ ಎದುರು "ನನ್ನಲ್ಲಿ ತಿದ್ದಿಕೊಳ್ಳಬೇಕಾದದ್ದು ಏನಿದೆ" ಎಂದು ಕೇಳಿದರೆ, ನಿಮ್ಮ ಕೈಯಲ್ಲಿ ತಮ್ಮ ಅಪ್ರೈಸಲ್ ಇರುವವರು ಕೊಡಬಹುದಾದ ಉತ್ತರ ಒಂದೇ. ಏಮಿ ಎಡ್ಮಂಡ್‌ಸನ್ ಅವರು ಆಸ್ಪತ್ರೆಗಳ ಶುಶ್ರೂಷಾ ತಂಡಗಳ ಮೇಲೆ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಕತ್ವ ಉತ್ತಮವಾಗಿದ್ದ ತಂಡಗಳಲ್ಲಿ ಔಷಧಿಯ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅಲ್ಲಿ ತಪ್ಪುಗಳನ್ನು ಮುಚ್ಚಿಡದೆ ಹೇಳಿಕೊಳ್ಳಲು ಜನ ಹೆದರುತ್ತಿರಲಿಲ್ಲ ಎಂಬುದೇ ಅದಕ್ಕೆ ಅವರು ಕಂಡುಕೊಂಡ ಕಾರಣ. ನಿಮ್ಮ ಸಭೆಯ ಮೌನವನ್ನು "ಎಲ್ಲವೂ ಸರಿಯಿದೆ" ಎಂದು ಓದಿಕೊಂಡದ್ದೇ ತಪ್ಪಾಯಿತು.

ಹಾಗಾಗಿ ಒಬ್ಬೊಬ್ಬರನ್ನೇ ಕೇಳಿ, ಮತ್ತು ಪ್ರಶ್ನೆಯನ್ನು ಕಿರಿದಾಗಿಸಿ. ನಿಮ್ಮ ದೋಷವೊಂದು ಈಗ ನಿಮಗೆ ಗೊತ್ತಿರುವುದರಿಂದ ಅಲ್ಲಿಂದಲೇ ಆರಂಭಿಸಬಹುದು: "ಸಭೆಯ ತೀರ್ಮಾನವನ್ನು ನಾನು ಆಮೇಲೆ ಬದಲಾಯಿಸುತ್ತೇನೆಂದು ತಿಳಿಯಿತು. ಕಳೆದ ಬಾರಿ ಹಾಗಾದಾಗ ನಿಮ್ಮ ಯಾವ ಕೆಲಸ ವ್ಯರ್ಥವಾಯಿತು?" ದೋಷವನ್ನು ನೀವೇ ಹೆಸರಿಸಿದ ಮೇಲೆ ಅದರ ವಿವರ ಕೊಡುವುದು ಅವರಿಗೆ ಸುಲಭವಾಗುತ್ತದೆ. ಇದರಿಂದ ಗೌರವ ಕಡಿಮೆಯಾದೀತೆಂಬ ಭಯ ಬೇಡ. ಸೂಸನ್ ಆಶ್‌ಫರ್ಡ್ ಮತ್ತು ಆ್ಯನ್ ತ್ಸೂಯಿ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮ್ಮ ಕೊರತೆಗಳ ಬಗ್ಗೆ ಕೇಳಿ ತಿಳಿಯುವ ವ್ಯವಸ್ಥಾಪಕರನ್ನು ಸುತ್ತಲಿನವರು ಹೆಚ್ಚು ಸಮರ್ಥರೆಂದು ಕಂಡರು, ಹೊಗಳಿಕೆಯನ್ನು ಹುಡುಕಿಕೊಂಡು ಹೋಗುವವರ ಬಗ್ಗೆ ಅವರ ಅಭಿಪ್ರಾಯ ಕುಸಿಯಿತು.

ಉತ್ತರ ಬಂದಾಗ ನೀವು ನಡೆದುಕೊಳ್ಳುವ ರೀತಿಯೇ ಮುಂದಿನ ಎಲ್ಲ ಉತ್ತರಗಳನ್ನು ನಿರ್ಧರಿಸುತ್ತದೆ. ಸಮರ್ಥನೆ ಎಷ್ಟೇ ನ್ಯಾಯವಾಗಿದ್ದರೂ ಆ ಕ್ಷಣದಲ್ಲಿ ಅದನ್ನು ಮುಂದಿಡಬೇಡಿ. ಬರೆದುಕೊಳ್ಳಿ, ಸ್ಪಷ್ಟವಾಗದಿದ್ದರೆ ಒಂದು ಉದಾಹರಣೆ ಕೇಳಿ, ಧನ್ಯವಾದ ಹೇಳಿ ಎದ್ದುಬಿಡಿ. ಒಂದು ವಾರದೊಳಗೆ ಅವರ ಬಳಿಗೆ ಹಿಂತಿರುಗಿ, ಯಾವುದನ್ನು ಬದಲಾಯಿಸುತ್ತೀರಿ, ಯಾವುದನ್ನು ಬದಲಾಯಿಸಲಾಗದು ಮತ್ತು ಏಕೆ ಎಂಬುದನ್ನು ತಿಳಿಸಿ. ಹೇಳಿದ್ದಕ್ಕೆಲ್ಲ ತಲೆಬಾಗಬೇಕೆಂದೇನೂ ಇಲ್ಲ, ಆದರೆ ಹೇಳಿದ್ದು ಎಲ್ಲಿ ಹೋಯಿತೆಂದು ಹೇಳಿದವರಿಗೆ ತಿಳಿಯಲೇಬೇಕು.

ಹೆಸರಿಲ್ಲದ ಸಮೀಕ್ಷೆ ನಡೆಸೋಣವೇ ಎಂಬ ಯೋಚನೆ ಬಂದಿದ್ದರೆ, ಇಷ್ಟು ಸಣ್ಣ ತಂಡಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ಬರವಣಿಗೆಯ ಶೈಲಿಯಿಂದಲೇ ಬರೆದವರು ಯಾರೆಂದು ಗೊತ್ತಾಗಿಬಿಡುತ್ತದೆ, ಅದು ಗೊತ್ತಾಗುತ್ತದೆಂಬ ಅರಿವು ಬರೆಯುವವರಿಗೂ ಇರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಂದು ಇಬ್ಬರೊಂದಿಗೆ ಮಾತನಾಡಿದೆ. ಮೊದಲನೆಯವರು "ಹಾಗೇನಿಲ್ಲ" ಎಂದು ಮಾತು ತೇಲಿಸಿದರು, ನಾನೂ ಒತ್ತಾಯಿಸಲಿಲ್ಲ. ಎರಡನೆಯವರು ಎರಡು ದಿನಾಂಕಗಳನ್ನು ಹೇಳಿ, ಅಂದು ತಾವು ಬದಿಗಿಡಬೇಕಾಗಿ ಬಂದ ಕೆಲಸವನ್ನು ವಿವರಿಸಿದರು. ಅದರಲ್ಲೊಂದಕ್ಕೆ ನನ್ನ ಬಳಿ ಒಳ್ಳೆಯ ಕಾರಣವಿತ್ತು, ಅದು ನಾಲಿಗೆಯ ತುದಿಗೆ ಬಂದಿತ್ತು, ಹೇಳದೆ ಬರೆದುಕೊಂಡೆ. ಅವರಿಗೆ ಉತ್ತರ ಕೊಡಲು ಮುಂದಿನ ಗುರುವಾರ ಸಮಯ ಗೊತ್ತುಮಾಡಿದ್ದೇನೆ.