ಅಪ್‌ಡೇಟ್: ತೀರ್ಥಹಳ್ಳಿ ಮನೆ ಅಂಗಳದ ಇಂಟರ್‌ಲಾಕ್ ಸರಿಯಾಯಿತು
ಮಳೆ ಬಂದಾಗೆಲ್ಲ ಅಂಗಳದ ಇಂಟರ್‌ಲಾಕ್ (ಒಂದಕ್ಕೊಂದು ಕೂಡಿಸಿ ಹಾಸುವ ಕಾಂಕ್ರೀಟ್ ಕಲ್ಲು) ಕುಸಿಯುತ್ತದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಈಗ ಸರಿಯಾಗಿದೆ. ಸಂದಿಗೆ ಸಿಮೆಂಟ್ ತುಂಬಿ ನೋಡಿದೆ, ಎರಡೇ ಮಳೆಗೆ ಬಿರುಕು ಬಿಟ್ಟಿತು. 'ಕಲ್ಲಲ್ಲ, ಕೆಳಗಿನ ನೆಲ ನೋಡಿ' ಎಂದವರ ಮಾತೇ ನಿಜ. ಕಲ್ಲು ಎಬ್ಬಿಸಿದರೆ ಕೆಳಗೆ ಬರೀ ಬೇರು, ಮೆತ್ತನೆ ಕಪ್ಪು ಮಣ್ಣು! ಅದನ್ನೆಲ್ಲ ತೆಗೆಸಿ, ಜಲ್ಲಿ ಮತ್ತು ಜಲ್ಲಿಪುಡಿಯನ್ನು ಎರಡು ಪದರವಾಗಿ ಹಾಕಿ, ಒಂದೊಂದನ್ನೂ ಬೇರೆಬೇರೆಯಾಗಿ ದಮ್ಮಸ್ಸು ಮಾಡಿಸಿದೆ (ಒತ್ತಿ ಗಟ್ಟಿ ಮಾಡಿಸಿದೆ). ಮೇಲೆ ಒಂದಿಂಚು ಮರಳು. ಚರಂಡಿ ಕಡೆಗೆ 10 ಅಡಿಗೆ ಎರಡೂವರೆ ಇಂಚು ಇಳಿಜಾರು. ಕಾರು ನಿಲ್ಲುವಲ್ಲಿ 60 ಎಂಎಂ ಬದಲು 80 ಎಂಎಂ ದಪ್ಪದ ಕಲ್ಲು.

ನನಗೆ ಗೊತ್ತೇ ಇರದಿದ್ದದ್ದು ಅಂಚಿನ ವಿಷಯ. ಸುತ್ತ ಕಾಂಕ್ರೀಟ್ ಅಂಚು ಕಟ್ಟದಿದ್ದರೆ ಕಲ್ಲು ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತದೆ, ಮರಳೂ ತೊಳೆದು ಹೋಗುತ್ತದೆ. ಮೊನ್ನೆ ಮೂರು ದಿನ ಬಿಡದೆ ಹೊಡೆದ ಮಳೆಗೆ ಒಂದು ಕಲ್ಲೂ ಅಲುಗಲಿಲ್ಲ. ತುಂಬಾ ಥ್ಯಾಂಕ್ಸ್!