ಚಳಿಗಾಲದ ಕಾಳಾಂಜಿಗೆ ಯಾವ ರಾಡ್, ಯಾವ ಲೂರ್? ಸ್ಟೀಲ್‌ಹೆಡ್ ಸೆಟ್ ಚಂದ್ರಗಿರಿ ಹೊಳೆಗೆ ಆಗ್ತದಾ?

ತಳಂಗರೆ ಕಡವು:

ಎಲ್ಲರಿಗೂ ನಮಸ್ಕಾರ. ಮಳೆನೀರಿನ ಕೆಂಪು ಇಳಿದು ಹೊಳೆ ತಿಳಿಯಾಗ್ತಾ ಬಂತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಸರಗೋಡಿನ ಚಂದ್ರಗಿರಿ ಅಳಿವೆ ಮತ್ತು ಶಿರಿಯದ ಕಾಂಡ್ಲದ (ಮ್ಯಾಂಗ್ರೋವ್) ಬದಿ, ಈ ಎರಡು ಕಡೆ ದಡದಲ್ಲಿ ನಿಂತೇ ಕಾಳಾಂಜಿಗೆ ಲೂರ್ (ಹುಕ್ ಇರುವ ನಕಲಿ ಎರೆ) ಹಾಕುವ ಅಂತ ಉಂಟು. ಕೈಗಾಳದ ಅಭ್ಯಾಸ ಇದೆ, ರಾಡ್ ಮತ್ತು ರೀಲ್ ಹೊಸತು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಭಾವ ಊರಿಗೆ ಬರುವಾಗ ಅವರ ಹಳೆಯ ಸ್ಟೀಲ್‌ಹೆಡ್ ಸೆಟ್ ತರ್ತೇನೆ ಅಂದಿದ್ದಾರೆ. 10 ಅಡಿ 6 ಇಂಚಿನ ರಾಡ್, ಅದರ ಮೇಲೆ 8-12 ಪೌಂಡ್ ಅಂತ ಬರೆದುಂಟು. 3000 ಸೈಜಿನ ರೀಲ್, 10 ಪೌಂಡಿನ ಲೀಡರ್ (ದಾರದ ತುದಿಗೆ ಸೇರಿಸುವ ತುಂಡು ದಾರ), ಫ್ಲೋಟ್‌ಗಳು, ತಲೆಗೆ ಸೀಸ ಕೂರಿಸಿದ ಗುಲಾಬಿ ಬಣ್ಣದ ಚಿಕ್ಕ ಜಿಗ್‌ಗಳು, ನಾಲ್ಕೈದು ಸ್ಪೂನ್ (ಚಮಚದಾಕಾರದ ಲೋಹದ ಲೂರ್). ಇದರಲ್ಲಿ ಇಲ್ಲಿಗೆ ಯಾವುದು ಆಗ್ತದೆ? ಆಗದಿದ್ದರೆ 8000 ರೂಪಾಯಿಯೊಳಗೆ ಹೊಸ ಸೆಟ್ ಮಾಡುವಾಗ ಯಾವುದಕ್ಕೆ ಎಷ್ಟು ಹಾಕಬೇಕು? ಮೊದಲಿಗೆ ನಾಲ್ಕೇ ಲೂರ್ ತಗೊಳ್ಳುವುದಾದರೆ ಯಾವ ನಾಲ್ಕು?

ಅಳಿವೆ ಬಾಗಿಲು:

ರಾಡ್ ಆರಿಸುವಾಗ ಮೀನಿಗಿಂತ ಮೊದಲು ಅದು ಗಾಳ ಕಚ್ಚಿದ ಮೇಲೆ ಓಡುವ ಜಾಗ ನೋಡಬೇಕು. ಅಲ್ಲಿಂದ ಹಿಂದಕ್ಕೆ ಯೋಚನೆ ಮಾಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗ್ತದೆ.

ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಹತ್ತಿ ಬರುವ ರೇನ್‌ಬೋ ಟ್ರೌಟ್. ಅಲ್ಲಿನ ಚಳಿಗಾಲದಲ್ಲಿ ಹೊಳೆನೀರು 3ರಿಂದ 7 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿರ್ತದೆ. ಆ ಚಳಿಗೆ ಮೀನು ಮಂದವಾಗಿ ತಳದ ಹತ್ತಿರ ನಿಲ್ತದೆ, ದೂರದಿಂದ ಓಡಿ ಬಂದು ಕಚ್ಚುವುದು ಕಡಿಮೆ. ಜಿಗ್ ಅನ್ನು ಫ್ಲೋಟಿನ ಕೆಳಗೆ ಇಳಿಬಿಟ್ಟು, ನೀರಿನ ವೇಗದಲ್ಲೇ ಅದರ ಮೂಗಿನ ತುದಿಗೆ ತೇಲಿಸಿಕೊಂಡು ಹೋಗಬೇಕು. ನಡುವಿನ ಸೆಳೆತಕ್ಕೆ ದಾರ ಸಿಕ್ಕಿ ಫ್ಲೋಟನ್ನು ಎಳೆಯಬಾರದು, ಅದಕ್ಕೆ ದಾರವನ್ನು ನೀರಿನಿಂದ ಎತ್ತಿ ಹಿಡಿಯುವ ಉದ್ದದ ರಾಡ್. ಲೀಡರ್ ತೆಳು, ಆದ್ದರಿಂದ ಬಾಗಿ ಬಾಗಿ ಜಗ್ಗು ತಾಳುವ ಮೆದು ರಾಡ್. ಅಲ್ಲಿ ಮೀನು ಓಡಿದರೆ ಹೆಚ್ಚಾಗಿ ಕಲ್ಲುಹರಳಿನ ತೆರೆದ ಹೊಳೆ, ಬಿಟ್ಟು ಹಿಡಿಯಲಿಕ್ಕೆ ಜಾಗ ಉಂಟು.

ಕಾಳಾಂಜಿ ಉಪ್ಪುನೀರಿಗೆ ಇಳಿದು ಮೊಟ್ಟೆಯಿಡುವ ಮೀನು, ಬೆಳೆಯುವ ಕಾಲ ಹೊಳೆ, ತೋಡು, ಕಾಂಡ್ಲದ ಬುಡದಲ್ಲಿ. ನಮ್ಮ ನೀರು ಜನವರಿಯ ಬೆಳಗಿನ ಜಾವಕ್ಕೂ 25 ಡಿಗ್ರಿಯ ಆಸುಪಾಸಿನಲ್ಲೇ ಇರ್ತದೆ, ಮೀನು ಚುರುಕು. ಕಚ್ಚಿದ ಮೊದಲ ಮೂರು ಸೆಕೆಂಡಿನಲ್ಲಿ ಅದು ಬೇರಿನೊಳಗೆ ಅಥವಾ ಸಂಕದ ಕಂಬದ ಹಿಂದೆ ನುಗ್ತದೆ. ಅಷ್ಟರಲ್ಲಿ ತಲೆ ತಿರುಗಿಸದಿದ್ದರೆ ಅಲ್ಲಿ ಅಂಟಿದ ಚಿಪ್ಪಿಗೆ ಉಜ್ಜಿ ದಾರ ಹೋಯಿತು. ಹತ್ತೂವರೆ ಅಡಿಯ ಮೆದು ರಾಡ್ ಆ ಮೂರು ಸೆಕೆಂಡೂ ಬರೀ ಬಾಗ್ತಾ ಇರ್ತದೆ, ಮೀನನ್ನು ತಡೆಯುವುದಿಲ್ಲ. ಕೊಂಬೆಯ ಅಡಿಗೆ ಲೂರ್ ಎಸೆಯಲಿಕ್ಕೂ ಅಷ್ಟು ಉದ್ದ ತೊಂದರೆ.

ಹೊಸತು ತಗೊಳ್ಳುವುದಾದರೆ ರಾಡ್ 7ರಿಂದ ಏಳೂವರೆ ಅಡಿ, ಮೀಡಿಯಂ-ಹೆವಿ, ಹಿಡಿಯ ಮೇಲೆ ಲೂರಿನ ತೂಕ 10-35 ಗ್ರಾಂ ಅಂತ ಇರುವಂಥದ್ದು. ರೀಲ್ 4000 ಸೈಜ್. ಬ್ರೇಡ್ (ಹೆಣೆದ ದಾರ) 30 ಪೌಂಡ್, 150 ಮೀಟರ್ ಸಾಕು. ಲೀಡರ್ 40-50 ಪೌಂಡ್. ಕಾಳಾಂಜಿಗೆ ಕೋರೆಹಲ್ಲು ಇಲ್ಲ, ಆದರೆ ಬಾಯಿಯೊಳಗೆ ಮರಳು ಕಾಗದದ ಹಾಗೆ ಒರಟು, ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ. 10 ಪೌಂಡಿನ ಲೀಡರ್ ಅದು ಒಮ್ಮೆ ತಲೆ ಕೊಡವಿದರೆ ತುಂಡಾಗ್ತದೆ.

8000ದಲ್ಲಿ ರೀಲ್‌ಗೆ 3500, ರಾಡ್‌ಗೆ 2200, ಬ್ರೇಡ್ ಮತ್ತು ಲೀಡರ್‌ಗೆ ಸೇರಿ 1200, ಉಳಿದದ್ದು ಲೂರ್ ಮತ್ತು ಹುಕ್‌ಗೆ. ಕಡಿಮೆ ಮಾಡಲೇಬೇಕಾದರೆ ರಾಡ್‌ನಲ್ಲಿ ಮಾಡಿ, ರೀಲ್‌ನಲ್ಲಿ ಬೇಡ. ಅಗ್ಗದ ರೀಲ್‌ನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬಿಗಿ) ತಡೆತಡೆದು ಬಿಡ್ತದೆ. ಆ ಜರ್ಕಿಗೆ ಎಂಥ ಒಳ್ಳೆಯ ದಾರವೂ ನಿಲ್ಲುವುದಿಲ್ಲ.

ಭಾವನ ಸೆಟ್ ಪೂರ್ತಿ ದಂಡ ಅಂತ ಅಲ್ಲ. 20 ಗ್ರಾಂ ಆಸುಪಾಸಿನ ಬೆಳ್ಳಿ ಬಣ್ಣದ ಸ್ಪೂನ್ ಅಳಿವೆ ಬಾಯಿಯಲ್ಲಿ ವಟ್ಟ ಮೀನಿಗೆ ಬಹಳ ಒಳ್ಳೆಯದು, ಹುಕ್ ಮಾತ್ರ ಬದಲಾಯಿಸಿ. ಉದ್ದದ ರಾಡ್ ಮತ್ತು ಫ್ಲೋಟ್ ಮರಳ ದಿಬ್ಬದ ಮೇಲೆ ನಿಂತು ಜೀವದ ಸಿಗಡಿ ತೇಲಿಸಲಿಕ್ಕೆ ಆಗ್ತದೆ, ಅಲ್ಲಿ ಬೇರು ಇಲ್ಲವಲ್ಲ. ಗುಲಾಬಿ ಜಿಗ್ ಬಿಡಿ. ಅಲ್ಲಿ ಮೀನಿನ ಮೊಟ್ಟೆಯ ಬಣ್ಣ ಅಂತ ಗುಲಾಬಿ, ಕಿತ್ತಳೆ ಹೆಚ್ಚು ಓಡ್ತದೆ. ಇಲ್ಲಿ ಅಡ್ಡಿ ಬಣ್ಣದ್ದಲ್ಲ, ಅದರ ತೆಳು ಹುಕ್ ಕಾಳಾಂಜಿಯ ಬಾಯಲ್ಲಿ ನೆಟ್ಟಗಾಗಿ ಬಿಡ್ತದೆ.

ಗಂಟು ಬಿಗಿ:

ಮೇಲಿನವರು ಹೇಳಿದ್ದು ಸರಿ. ಆದರೆ ಮೀನು ತಪ್ಪಿದ್ದಕ್ಕೆ ರಾಡ್‌ಗೆ ಬೈಯುವವರಲ್ಲಿ ಹೆಚ್ಚಿನವರ ತಪ್ಪು ಗಂಟಿನಲ್ಲಿ ಇರ್ತದೆ, ಅದನ್ನು ಬರೀತೇನೆ.

ಬ್ರೇಡನ್ನು ನೇರ ಸ್ಪೂಲ್‌ಗೆ ಸುತ್ತಬೇಡಿ. ನುಣುಪಿಗೆ ಇಡೀ ಸುತ್ತು ಸ್ಪೂಲ್ ಮೇಲೆ ಜಾರಿ ತಿರುಗ್ತದೆ, ನೋಡುವವರಿಗೆ ಡ್ರ್ಯಾಗ್ ಹಾಳಾದ ಹಾಗೆ ಕಾಣ್ತದೆ. ಮೊದಲು 8-10 ಮೀಟರ್ ಮೋನೊ (ಒಂಟಿ ಎಳೆಯ ನೈಲಾನ್ ದಾರ) ಸುತ್ತಿ, ಅದರ ಮೇಲೆ ಬ್ರೇಡ್. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದರೆ ಮುಂದೆ ಎಸೆಯುವಾಗ ಗುಂಪುಗುಂಪಾಗಿ ಹಾರಿ ಗೋಜಲಾಗ್ತದೆ.

ಬ್ರೇಡ್ ಮತ್ತು ಲೀಡರ್ ಸೇರಿಸಲಿಕ್ಕೆ ಎಫ್‌ಜಿ ಗಂಟು. ಬ್ರೇಡನ್ನು ಬಿಗಿಯಾಗಿ ಎಳೆದಿಟ್ಟು, ಲೀಡರ್ ತುದಿಯನ್ನು ಒಮ್ಮೆ ಮೇಲಿಂದ ಒಮ್ಮೆ ಕೆಳಗಿಂದ, ಜಡೆ ಹೆಣೆದ ಹಾಗೆ 20 ಸಲ ಹಾಯಿಸಿ. ಎರಡನ್ನೂ ಸೇರಿಸಿ ಎರಡು ಅರ್ಧಗಂಟು ಹಾಕಿ. ಈಗ ಉಗುಳಿನಿಂದ ಒದ್ದೆ ಮಾಡಿ ಜೋರಾಗಿ ಎಳೆಯಬೇಕು. ಬರಿಗೈಯಲ್ಲಿ ಬೇಡ, ಬ್ರೇಡ್ ಬೆರಳು ಕೊಯ್ತದೆ, ಮರದ ತುಂಡಿಗೆ ಸುತ್ತಿಕೊಳ್ಳಿ. ಸರಿಯಾಗಿ ಕೂತಾಗ ಹೆಣೆದ ಭಾಗ ಇದ್ದಕ್ಕಿದ್ದಂತೆ ತೆಳ್ಳಗಾಗಿ ಬ್ರೇಡಿನ ಬಣ್ಣ ಒಂದು ಛಾಯೆ ಗಾಢ ಆಗ್ತದೆ. ಆ ಬದಲಾವಣೆ ಕಣ್ಣಿಗೆ ಕಾಣದಿದ್ದರೆ ಗಂಟು ಕೂತಿಲ್ಲ, ಮೀನಿನ ಜಗ್ಗಿಗೆ ಲೀಡರ್ ಜಾರಿ ಹೊರಗೆ ಬರ್ತದೆ. ಕೂತ ಮೇಲೆ ಲೀಡರಿನ ಬಾಲ ಹತ್ತಿರಕ್ಕೆ ಕತ್ತರಿಸಿ, ಬ್ರೇಡ್ ಮೇಲೆ ಇನ್ನು ನಾಲ್ಕು ಅರ್ಧಗಂಟು. ಗಾಳಿಗೆ, ಕತ್ತಲಿಗೆ ಇದು ಆಗದಿದ್ದರೆ ಡಬಲ್ ಯೂನಿ ಹಾಕಿ: ಬ್ರೇಡ್ ಕಡೆ 7 ಸುತ್ತು, ಲೀಡರ್ ಕಡೆ 3. ಸ್ವಲ್ಪ ದಪ್ಪ, ರಾಡಿನ ರಿಂಗಿಗೆ ತಾಗ್ತದೆ, ಆದರೆ ನಂಬಬಹುದು.

ಲೀಡರ್ ಉದ್ದ ಮುಕ್ಕಾಲು ಮಾರು. ಪ್ರತಿ ಮೀನಿನ ನಂತರ, ಪ್ರತಿ ಸಲ ಬೇರಿಗೆ ಸಿಕ್ಕಿ ಬಿಡಿಸಿದ ನಂತರ, ಲೂರಿನಿಂದ ಮೇಲಕ್ಕೆ ಎರಡು ಗೇಣು ಉಗುರಿನಲ್ಲಿ ಸವರಿ ನೋಡಿ. ಎಲ್ಲಾದರೂ ಗರಗರ ಅನಿಸಿದರೆ ಅಲ್ಲಿವರೆಗೆ ಕತ್ತರಿಸಿ ಹೊಸ ಗಂಟು. ಒಂದು ಗೇಣು ಲೀಡರ್ ಉಳಿಸಲಿಕ್ಕೆ ಹೋಗಿ ಮೀನು ಮತ್ತು ಲೂರ್ ಎರಡನ್ನೂ ಕಳೆದುಕೊಳ್ಳಬೇಡಿ.

ಡ್ರ್ಯಾಗ್ ಅಂದಾಜಿನಲ್ಲಿ ಬೇಡ. ದಾರದ ತುದಿಗೆ ಸಾಮಾನು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ರಾಡ್ ಬಾಗಿಸಿ ಎಳೆಯಿರಿ. 30 ಪೌಂಡ್ ಬ್ರೇಡ್‌ಗೆ ತೆರೆದ ಜಾಗದಲ್ಲಿ 3 ಕಿಲೋಗೆ, ಕಾಂಡ್ಲದ ಬದಿ 4-5 ಕಿಲೋಗೆ ದಾರ ಬಿಡುವ ಹಾಗೆ ಇಡಿ. 4 ಕಿಲೋ ಅಂದರೆ ಎಷ್ಟು ಬಿಗಿ ಅಂತ ಒಮ್ಮೆ ಕೈಗೆ ಗೊತ್ತಾದರೆ ಆಮೇಲೆ ತಕ್ಕಡಿ ಬೇಡ.

ಮೊಗ್ರಾಲ್ ಇಳಿತ:

ನಾಲ್ಕು ಲೂರ್ ಅಂದರೆ ನನ್ನ ಆಯ್ಕೆ ಹೀಗೆ. ಒಂದು, 9-11 ಸೆಂಟಿಮೀಟರಿನ ತೇಲುವ ಮಿನ್ನೋ (ಚಿಕ್ಕ ಮೀನಿನ ಆಕಾರದ ಲೂರ್), ಎಳೆಯುವಾಗ ಒಂದು ಮೀಟರ್ ಆಸುಪಾಸು ಮುಳುಗುವಂಥದ್ದು, ಬೆಳ್ಳಿ ಹೊಟ್ಟೆ, ಹಸಿರು ಅಥವಾ ಕಪ್ಪು ಬೆನ್ನು. ತಿರುತ ಮೀನಿನ ಮರಿಯ ಹಾಗೆ ಕಾಣಬೇಕು. ಎರಡು, ಬಾಲ ಅಲ್ಲಾಡುವ 4 ಇಂಚಿನ ಮೆದು ಪ್ಲಾಸ್ಟಿಕ್, 10 ಗ್ರಾಂ ಜಿಗ್‌ಹೆಡ್ ಜೊತೆ. ಮೂರು, 3 ಇಂಚಿನ ಸಿಗಡಿ ಆಕಾರದ್ದು. ನಾಲ್ಕು, ನೀರಿನ ಮೇಲೆ ಆಡುವ ಪಾಪರ್, ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ.

ತೇಲುವ ಮಿನ್ನೋ ಬೇಕು ಅನ್ನಲಿಕ್ಕೆ ಕಾರಣ ಉಂಟು. ಬೇರಿಗೆ ತಾಗಿತು ಅನಿಸಿದ ಕೂಡಲೇ ತಿರುಗಿಸುವುದು ನಿಲ್ಲಿಸಿ ದಾರ ಸಡಿಲ ಬಿಟ್ಟರೆ ಅದು ತಾನೇ ಹಿಂದಕ್ಕೆ ತೇಲಿ ಬಿಡಿಸಿಕೊಳ್ತದೆ. ಮುಳುಗುವ ಮಿನ್ನೋ ಆದರೆ ಇನ್ನೂ ಒಳಗೆ ಇಳಿದು ಅಲ್ಲಿಯೇ ಉಳಿದೀತು. ಜೊತೆಗೆ ಕಾಳಾಂಜಿ ಹೆಚ್ಚಾಗಿ ಕಚ್ಚುವುದು ಲೂರ್ ನಿಂತಾಗ. ಎರಡು ಸಲ ಚಿಕ್ಕದಾಗಿ ಜಗ್ಗಿ, ಎರಡು ಮೂರು ಸೆಕೆಂಡ್ ಸುಮ್ಮನೆ ಬಿಡಿ, ಮತ್ತೆ ಜಗ್ಗಿ. ಒಂದೇ ವೇಗದಲ್ಲಿ ರೀಲ್ ತಿರುಗಿಸ್ತಾ ಇದ್ದರೆ ವಟ್ಟ ಸಿಕ್ಕೀತು, ಕಾಳಾಂಜಿ ಕಷ್ಟ.

ಈ ಮೂರು ತಿಂಗಳು ನೀರು ತಿಳಿ ಇರುವುದರಿಂದ ಹಗಲಿಗೆ ಸಹಜ ಬಣ್ಣ. ನೀರು ಕದಡಿದ್ದರೆ ಬಂಗಾರ ಅಥವಾ ಬಿಳಿ. ಕತ್ತಲಿಗೆ ಕಪ್ಪು, ಕೆಳಗಿಂದ ನೋಡುವ ಮೀನಿಗೆ ಆಕಾಶದ ಎದುರು ಕಪ್ಪು ಆಕಾರವೇ ಚೆನ್ನಾಗಿ ಕಾಣ್ತದೆ.

ಇನ್ನು ಹೊತ್ತು. ಇದು ಲೂರಿಗಿಂತ ದೊಡ್ಡದು. ಇಳಿತದ ಕೊನೆಯ ಅರ್ಧದಲ್ಲಿ ಕಾಂಡ್ಲದೊಳಗಿನ ನೀರು ಸಣ್ಣ ತೋಡುಗಳಲ್ಲಿ ಹೊಳೆಗೆ ಸುರೀತದೆ, ಅದರ ಜೊತೆ ಸಿಗಡಿ, ಮೀನುಮರಿ ಹೊರಗೆ ಬರಲೇಬೇಕು. ಕಾಳಾಂಜಿ ಆ ಬಾಯಿಯ ಬದಿಯಲ್ಲಿ, ಸೆಳೆತ ತಾಗದ ಮಗ್ಗುಲಲ್ಲಿ ಕಾದು ನಿಲ್ತದೆ. ಕೆಸರುನೀರು ತಿಳಿನೀರಿಗೆ ಸೇರುವ ಗೆರೆ ಕಾಣ್ತದಲ್ಲ, ಲೂರ್ ಅದರ ಆಚೆ ಬಿದ್ದು ಗೆರೆ ದಾಟಿ ಬರಬೇಕು. ಸಿಗಡಿಗಳು ಅಕ್ಕಿ ಎರಚಿದ ಹಾಗೆ ನೀರಿನಿಂದ ಚಿಮ್ಮಿದರೆ, ಅದರ ಹಿಂದೆಯೇ ಗಬಕ್ ಅಂತ ಒಂದು ಶಬ್ದ ಕೇಳಿದರೆ, ಅದು ಕಾಳಾಂಜಿ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಂಡದ್ದು. ಅಲ್ಲಿಗೆ ಹಾಕಿ.

ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ಏರಿಳಿತ ಜೋರು, ಅಷ್ಟಮಿಯ ಆಸುಪಾಸು ಮಂದ. ದಿನಕ್ಕೆ ಸುಮಾರು 50 ನಿಮಿಷ ಹೊತ್ತು ಮುಂದೆ ಹೋಗ್ತದೆ, ಆದ್ದರಿಂದ ಈ ಭಾನುವಾರ ಸರಿಯಾದ ಹೊತ್ತು ಮುಂದಿನ ಭಾನುವಾರಕ್ಕೆ ತಲೆಕೆಳಗು. ನೀರು ನಿಂತ ಹೊತ್ತಿನಲ್ಲಿ ಕೂತು ಚಹಾ ಕುಡಿಯಿರಿ, ಕಚ್ಚುವುದಿಲ್ಲ. ರಾತ್ರಿ ಸಂಕದ ದೀಪದ ಕೆಳಗಾದರೆ ಬೆಳಕು ಮತ್ತು ನೆರಳಿನ ಗಡಿಯಲ್ಲಿ ಲೂರ್ ಹಾಯಬೇಕು, ಮೀನು ನೆರಳಿನ ಒಳಗೆ ಸೆಳೆತಕ್ಕೆ ಮುಖ ಮಾಡಿ ನಿಂತಿರ್ತದೆ.

ತಳಂಗರೆ ಕಡವು:

ತುಂಬಾ ಉಪಕಾರ ಆಯ್ತು. ಎರಡು ಸಂಶಯ. ಮಿನ್ನೋಗೆ ದಪ್ಪ ಹುಕ್ ಹಾಕಿದರೆ ತೇಲುವುದು ನಿಲ್ಲುವುದಿಲ್ಲವಾ? ಮತ್ತೆ ಶಿರಿಯದಲ್ಲಿ ಕೆಲವು ಕಡೆ ಬೇರು ನೀರಿನೊಳಗೆ ಜಾಲದ ಹಾಗೆ ಉಂಟು, ಅಲ್ಲಿಗೆ ಎಂತ ಹಾಕುವುದು?

ಅಳಿವೆ ಬಾಗಿಲು:

ನಿಲ್ಲಬಹುದು, ಅದಕ್ಕೇ ಹುಕ್ ಬದಲಾಯಿಸಿ ಮೊದಲು ಬಕೆಟ್ ನೀರಿನಲ್ಲಿ ಹಾಕಿ ನೋಡಬೇಕು, ಅದೂ ಹೊಳೆಯದ್ದೇ ನೀರು, ಉಪ್ಪುನೀರಿನಲ್ಲಿ ಹೆಚ್ಚು ತೇಲ್ತದೆ. ಮೊದಲಿದ್ದ ಸೈಜಿನದ್ದೇ ಮುಕ್ಕೊಕ್ಕೆ, 3ಎಕ್ಸ್ ದಪ್ಪದ್ದು ಹಾಕಿ. ಮೂತಿ ಕೆಳಗಾಗಿ ನಿಧಾನ ಮುಳುಗಿದರೆ ಮುಂದಿನದ್ದನ್ನು ತೆಗೆದು ಒಂಟಿ ಕೊಕ್ಕೆ ಹಾಕಿ. ಒಂಟಿ ಕೊಕ್ಕೆ ಬೇರಿಗೆ ಸಿಕ್ಕುವುದೂ ಕಡಿಮೆ, ಮೀನಿನ ಬಾಯಿಂದ ಬಿಡಿಸುವುದೂ ಸುಲಭ. ಹುಕ್ ಸಿಕ್ಕಿಸುವ ಸ್ಪ್ಲಿಟ್ ರಿಂಗ್ ಕೂಡ ಬದಲಾಯಿಸಿ. ಅಗ್ಗದ ಲೂರಿನಲ್ಲಿ ಹುಕ್ ಗಟ್ಟಿ ಮಾಡಿದರೆ ಆಮೇಲೆ ರಿಂಗ್ ತೆರೀತದೆ.

ಜಾಲದಂಥ ಬೇರಿಗೆ ಮೆದು ಪ್ಲಾಸ್ಟಿಕ್ ಅನ್ನೇ ಮುಳ್ಳು ಅಡಗಿಸಿ ಹಾಕಿ. 5/0 ಆಫ್‌ಸೆಟ್ ಹುಕ್, ಹೊಟ್ಟೆಗೆ 5-7 ಗ್ರಾಂ ಸೀಸ ಇರುವಂಥದ್ದು. ಮೂತಿಯಿಂದ ಅರ್ಧ ಸೆಂಟಿಮೀಟರ್ ಚುಚ್ಚಿ ಹೊರಗೆ ತೆಗೆದು, ಹುಕ್ ತಿರುಗಿಸಿ, ಮೊನೆ ಬೆನ್ನಿನ ಚರ್ಮದೊಳಗೆ ತುಸುವೇ ಅಡಗುವ ಹಾಗೆ ಕೂರಿಸಿ. ಪ್ಲಾಸ್ಟಿಕ್ ನೆಟ್ಟಗಿರಬೇಕು. ಸುಕ್ಕಾದರೆ ಗಿರಗಿರ ಸುತ್ತಿ ಲೀಡರ್ ಹುರಿಗೊಳ್ತದೆ. ಕಚ್ಚಿದಾಗ ಜೋರಾಗಿ ಎಳೆಯಬೇಕು, ಮೊನೆ ಪ್ಲಾಸ್ಟಿಕ್ ದಾಟಿ ಬಾಯಿಗೆ ಹೋಗಬೇಕಲ್ಲ. ಲೂರಿಗೆ ಕಟ್ಟುವ ಗಂಟು ಕುಣಿಕೆಯದ್ದು ಇರಲಿ, ಬಿಗಿ ಗಂಟು ಕಟ್ಟಿದರೆ ದಪ್ಪ ಲೀಡರ್ ಲೂರನ್ನು ಆಡಲಿಕ್ಕೆ ಬಿಡುವುದಿಲ್ಲ.

ಮೀನು ದಡಕ್ಕೆ ಬಂದಾಗ ಕಿವಿರಿಗೆ ಬೆರಳು ಹಾಕಬೇಡಿ, ಕೆಳದವಡೆಯನ್ನು ಗ್ಲೌಸ್ ಹಾಕಿ ಹಿಡಿದು ಇನ್ನೊಂದು ಕೈ ಹೊಟ್ಟೆಯ ಅಡಿಗೆ. ಮೀಟರ್ ಹತ್ತಿರದ ಮೀನು ಸಿಕ್ಕಿದರೆ ದಯವಿಟ್ಟು ಬಿಡಿ. ಕಾಳಾಂಜಿ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು, ಅಷ್ಟು ದೊಡ್ಡದೆಲ್ಲ ಹೆಚ್ಚುಕಮ್ಮಿ ಮೊಟ್ಟೆಯಿಡುವ ಹೆಣ್ಣೇ. ಸಾರಿಗೆ ಎರಡು ಕಿಲೋದ್ದು ರುಚಿಯೂ ಹೆಚ್ಚು.

ಮನೆಗೆ ಬಂದ ಮೇಲೆ ರೀಲ್‌ನ ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ನಲ್ಲಿ ಸಣ್ಣಗೆ ಬಿಟ್ಟು ಹೊರಮೈ ಮಾತ್ರ ತೊಳೆಯಿರಿ. ಪೈಪಿನ ಜೋರು ನೀರು ಉಪ್ಪನ್ನು ಒಳಗೆ ನುಗ್ಗಿಸ್ತದೆ. ಒರೆಸಿ, ಡ್ರ್ಯಾಗ್ ಸಡಿಲ ಮಾಡಿ, ದಾರ ಹಾಯುವ ರೋಲರಿಗೆ ಒಂದು ಹನಿ ರೀಲ್ ಎಣ್ಣೆ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ರೋಲರ್ ಹಿಡಿದುಕೊಳ್ತದೆ.